ಹಾಳೆ ತಟ್ಟೆ ಘಟಕಕ್ಕೆ ವೆಬ್‌ಸೈಟ್: ಡೊಮೇನ್ ಯಾರ ಹೆಸರಲ್ಲಿರಬೇಕು, ಹೋಸ್ಟಿಂಗ್ ಎಷ್ಟು ಬೇಕು?

ಹಾಳೆಮನೆ:

ಪುತ್ತೂರಿನ ಹತ್ತಿರ ನಮ್ಮದೊಂದು ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ ಉಂಟು. ಒಂದು ವೆಬ್‌ಸೈಟ್ ಮಾಡಿಸುವ ಅಂತ. ಆರು ಪುಟ ಸಾಕು: ಮುಖಪುಟ, ನಮ್ಮ ಬಗ್ಗೆ, ಅಳತೆಗಳು (4 ಇಂಚಿನ ಬಟ್ಟಲಿನಿಂದ 12 ಇಂಚಿನ ಊಟದ ತಟ್ಟೆವರೆಗೆ), ಫೋಟೊ, ಸಗಟು ವಿಚಾರಣೆ, ಸಂಪರ್ಕ. ಕನ್ನಡ, ಇಂಗ್ಲಿಷ್ ಎರಡೂ ಬೇಕು. ಆನ್‌ಲೈನ್ ಪಾವತಿ ಬೇಡ, ವಾಟ್ಸ್‌ಆ್ಯಪ್ ಬಟನ್ ಇದ್ದರಾಯ್ತು.

ಡಿಸೈನರ್ ಒಬ್ಬರು ಮೊದಲ ವರ್ಷಕ್ಕೆ 14,000, ಆಮೇಲೆ ವರ್ಷ ವರ್ಷ 9,000 ಹೇಳಿದ್ದಾರೆ. ಅದರಲ್ಲಿ ಡೊಮೇನ್, ಅನ್‌ಲಿಮಿಟೆಡ್ ಹೋಸ್ಟಿಂಗ್, ಎಸ್‌ಎಸ್‌ಎಲ್, 5 ಇಮೇಲ್ ಎಲ್ಲ ಸೇರಿದೆಯಂತೆ. ಡೊಮೇನ್ ಅವರ ಖಾತೆಯಲ್ಲೇ ಇರುತ್ತದಂತೆ, “ಎಲ್ಲರೂ ಹಾಗೇ ಮಾಡುವುದು” ಅಂದರು.

ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆಯಾ? ಈ ರೇಟು ಸರಿ ಉಂಟಾ? ಹೆಸರನ್ನು ಕನ್ನಡದಲ್ಲೇ ಇಡಬಹುದಾ? ಇನ್ನೊಂದು, ನಮ್ಮ ಬರಹ ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಉಂಟು. ಅದನ್ನು ಎಂತ ಮಾಡುವುದು?

ಗದ್ದೆಬದು:

ಬೇರೆ ಬೇರೆಯೇ. ಡೊಮೇನ್ ಅಂದರೆ ಹೆಸರು. ಹೋಸ್ಟಿಂಗ್ ಅಂದರೆ ನಿಮ್ಮ ಫೈಲುಗಳು ಕೂರುವ ಜಾಗ. ಇವೆರಡನ್ನು ಜೋಡಿಸುವ ಮೂರನೆಯದೊಂದಿದೆ, ಡಿಎನ್‌ಎಸ್: ಈ ಹೆಸರು ಕೇಳಿದರೆ ಆ ಜಾಗಕ್ಕೆ ಕಳಿಸು ಎನ್ನುವ ದಾಖಲೆ. ಮೂರನ್ನೂ ಒಂದೇ ಕಂಪನಿಯಿಂದ ತಗೊಳ್ಳಬಹುದು, ಮೂರು ಕಡೆಯಿಂದಲೂ ತಗೊಳ್ಳಬಹುದು. ಮೊದಲ ಸಲ ಮಾಡುವವರಿಗೆ ಗೊಂದಲವಾಗುವುದು ಒಂದೇ ಬಿಲ್ಲಿನಲ್ಲಿ ಮೂರೂ ಬರುವುದರಿಂದ.

ನಿಮ್ಮ ಪ್ರಶ್ನೆಗಳಲ್ಲಿ ಡೊಮೇನ್ ಯಾರ ಖಾತೆಯಲ್ಲಿ ಎನ್ನುವುದೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಪಹಣಿಯ ಹಾಗೆ ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಜಮೀನು ಅವರದು; 12ನೇ ಕಾಲಂನಲ್ಲಿ ಸಾಗುವಳಿ ಯಾರದಾದರೂ ಇರಲಿ. ಡಾಟ್ ಇನ್ ಹೆಸರುಗಳ ಮೂಲ ದಾಖಲೆ ಇಡುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ನಾವು ನೀವು ನೇರ ಅಲ್ಲಿಗೆ ಹೋಗುವುದಿಲ್ಲ, ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) ಮೂಲಕ ನೋಂದಾಯಿಸುತ್ತೇವೆ. ನೋಂದಣಿಯಲ್ಲಿ ‘ರಿಜಿಸ್ಟ್ರಂಟ್’ ಎಂಬ ಜಾಗವಿದೆಯಲ್ಲ, ಅದೇ 9ನೇ ಕಾಲಂ. ಅಲ್ಲಿ ನಿಮ್ಮ ಘಟಕದ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ಇರಬೇಕು. ಡಿಸೈನರ್ ಸಾಗುವಳಿ ಮಾಡಲಿ, ಬೇಡ ಅನ್ನುವುದಿಲ್ಲ. ‘ಟೆಕ್ನಿಕಲ್ ಕಾಂಟ್ಯಾಕ್ಟ್’ ಜಾಗದಲ್ಲಿ ಅವರ ಹೆಸರು ಇರಬಹುದು.

ಹೋಲಿಕೆ ಒಂದು ಕಡೆ ಮುರಿಯುತ್ತದೆ: ಡೊಮೇನ್ ಕ್ರಯಕ್ಕೆ ಸಿಗುವುದಿಲ್ಲ, ಗುತ್ತಿಗೆಗೆ ಮಾತ್ರ. ಒಂದು ವರ್ಷದಿಂದ ಹತ್ತು ವರ್ಷದವರೆಗೆ, ಅಷ್ಟೇ. ನವೀಕರಿಸದಿದ್ದರೆ ಹೋಯಿತು.

ಆದ್ದರಿಂದ ಮಾಡಬೇಕಾದದ್ದು: ನೀವೇ ಒಂದು ರಿಜಿಸ್ಟ್ರಾರ್‌ನಲ್ಲಿ ಖಾತೆ ತೆರೆದು, ನಿಮ್ಮ ಕಾರ್ಡ್ ಅಥವಾ ಯುಪಿಐನಿಂದ ಹಣ ಕಟ್ಟಿ, ಬಿಲ್ಲನ್ನು ಘಟಕದ ಜಿಎಸ್‌ಟಿ ಸಂಖ್ಯೆಗೆ ಮಾಡಿಸಿ. ಎರಡು ಹಂತದ ಲಾಗಿನ್ ಹಾಕಿ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದ ದಿನ ಆ ಇಮೇಲೂ ಸಾಯುತ್ತದೆ, ಪಾಸ್‌ವರ್ಡ್ ಮರುಹೊಂದಿಸುವ ಪತ್ರ ಎಲ್ಲಿಗೆ ಬರಬೇಕು? ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡಂತೆ.

ಅವರು ಈಗಾಗಲೇ ತಮ್ಮ ಖಾತೆಯಲ್ಲಿ ನೋಂದಾಯಿಸಿಬಿಟ್ಟಿದ್ದರೂ ಜಗಳ ಬೇಡ. ಅದೇ ರಿಜಿಸ್ಟ್ರಾರ್‌ನಲ್ಲಿ ನೀವೊಂದು ಖಾತೆ ತೆರೆಯಿರಿ. ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಸೌಲಭ್ಯ ಬಹುತೇಕ ಎಲ್ಲರಲ್ಲೂ ಇದೆ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವುದಾದರೆ ‘ಆಥ್ ಕೋಡ್’, ಅಂದರೆ ಹಳೆಯ ರಿಜಿಸ್ಟ್ರಾರ್ ಕೊಡುವ ಗುಪ್ತ ಸಂಕೇತ, ಬೇಕು. ಡಾಟ್ ಕಾಮ್‌ನಂಥ ಹೆಸರುಗಳಿಗೆ ನೋಂದಣಿಯಾದ ಮೊದಲ 60 ದಿನ ಹೀಗೆ ಒಯ್ಯಲು ಬಿಡುವುದಿಲ್ಲ.

ರೇಟಿನ ಮಾತು. ಡಾಟ್ ಇನ್ ನವೀಕರಣ ತೆರಿಗೆ ಸೇರಿ ಸುಮಾರು ಸಾವಿರ ಅಂತಿಟ್ಟುಕೊಳ್ಳಿ. ನಿಮ್ಮಂಥ ಸೈಟಿಗೆ ತಿಂಗಳಿಗೆ 200 ರೂಪಾಯಿಯ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವುದು) ಧಾರಾಳ: ವರ್ಷಕ್ಕೆ 2,400, ಮೇಲೆ 18% ಜಿಎಸ್‌ಟಿ, ಒಟ್ಟು 2,832. ಎಸ್‌ಎಸ್‌ಎಲ್, ಅಂದರೆ ವಿಳಾಸದ ಪಕ್ಕ ಬೀಗದ ಚಿತ್ರ ತರುವ ಪ್ರಮಾಣಪತ್ರ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ ಉಚಿತ. ಅದಕ್ಕೆ ಯಾರಾದರೂ ಪ್ರತ್ಯೇಕ ಹಣ ಕೇಳಿದರೆ ಯಾಕೆಂದು ಕೇಳಿ. ಅಲ್ಲಿಗೆ ನಾಲ್ಕು ಸಾವಿರದೊಳಗಾಯಿತು. ಉಳಿದ ಐದು ಸಾವಿರ ಅವರ ಕೂಲಿ. ಕೂಲಿ ಕೇಳುವುದು ತಪ್ಪಲ್ಲ, ಆದರೆ ಯಾವುದಕ್ಕೆ ಎಂದು ಬರೆಸಿಕೊಳ್ಳಿ: ವರ್ಷಕ್ಕೆ ಎಷ್ಟು ಸಲ ಬದಲಾವಣೆ, ಬ್ಯಾಕಪ್ ಯಾರು ತೆಗೆಯುತ್ತಾರೆ, ಎಲ್ಲಿ ಇಡುತ್ತಾರೆ.

ರೂಟ್ ರಾಚಪ್ಪ:

ಗದ್ದೆಬದು ಅವರು ಹೇಳಿದ್ದು ಸರಿ ಅದ. ನವೀಕರಣದ ಬಗ್ಗೆ ಎರಡು ಮಾತು ಸೇರಿಸ್ತೀನಿ, ಹೆಸರು ಕಳಕೊಳ್ಳೋರು ಬಹಳ ಮಂದಿ ಅಲ್ಲೇ ಕಳಕೊಳ್ಳೋದು.

‘ಮೊದಲ ವರ್ಷ 99 ರೂಪಾಯಿ’ ಅನ್ನೋ ಜಾಹೀರಾತು ನೋಡಿ ಮರುಳಾಗಬ್ಯಾಡ್ರಿ. ಡಾಟ್ ಕಾಮ್‌ನ ಸಗಟು ದರವೇ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 10.26 ಡಾಲರ್ ಅದ. ರಿಜಿಸ್ಟ್ರಾರ್ ಅದನ್ನು ಡಾಟ್ ಕಾಮ್‌ನ ಮೂಲ ದಾಖಲೆ ಇಡೋ ವೆರಿಸೈನ್ ಕಂಪನಿಗೆ ಕಟ್ಟಲೇಬೇಕು. ನಿಮಗೆ 99ಕ್ಕೆ ಕೊಟ್ಟಾನಂದ್ರ ಎರಡನೇ ವರ್ಷ ವಸೂಲಿ ಮಾಡ್ತಾನ ಅಂತ ಅರ್ಥ. ಅದಕ್ಕ ಖರೀದಿ ಪುಟದಾಗ ನೋಡಬೇಕಾದ್ದು ‘ರಿನ್ಯೂವಲ್’ ದರ ಒಂದೇ. ಹೋಸ್ಟಿಂಗ್‌ಗೂ ಇದೇ ಮಾತು: ತಿಂಗಳಿಗೆ 69 ಅಂತ ದೊಡ್ಡಕ್ಷರದಾಗ ಬರೆದಿರ್ತಾರ, ಅದು ನಾಕು ವರ್ಷದ ದುಡ್ಡು ಒಮ್ಮೆಲೇ ಕಟ್ಟಿದರ ಮಾತ್ರ.

ಆಟೊ ರಿನ್ಯೂವಲ್ ಹಾಕೀವಿ ಅಂತ ನಿಶ್ಚಿಂತಿಲೆ ಕೂಡಬ್ಯಾಡ್ರಿ. ತಾನಾಗಿ ಕಡಿತ ಆಗೋ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಮುಂಗಡ ಒಪ್ಪಿಗೆ) ನಿಯಮ 2021ರ ಅಕ್ಟೋಬರ್‌ನಿಂದ ಬಿಗಿ ಆಗೇದ. ಮ್ಯಾಂಡೇಟ್ ನೋಂದಣಿ ಇಲ್ಲದ ಹೊರದೇಶದ ರಿಜಿಸ್ಟ್ರಾರ್ ನಮ್ಮ ಕಾರ್ಡಿನಿಂದ ಎಳೀಲಿಕ್ಕೆ ಹೋದರ ಬ್ಯಾಂಕ್ ತಿರಸ್ಕರಿಸ್ತದ. ಆ ಸುದ್ದಿ ಬರೋ ಮೇಲ್ ಸ್ಪ್ಯಾಮ್‌ನಾಗ ಬಿದ್ದಿರ್ತದ. ಮೂರು ವರ್ಷದ್ದು ಒಮ್ಮೆಲೇ ಕಟ್ಟಿ, ಮುಗಿಯೋ ದಿನಕ್ಕ ಎರಡು ತಿಂಗಳ ಮೊದಲು ಫೋನಿನ ಕ್ಯಾಲೆಂಡರಿನಾಗ ಗುರುತು ಹಾಕ್ರಿ.

ಅವಧಿ ಮುಗಿದ ಮ್ಯಾಲೆ ಡಾಟ್ ಕಾಮ್ ಲೆಕ್ಕ ಹಿಂಗ ಅದ. ಮೊದಲು ಗ್ರೇಸ್ ಕಾಲ, ಹೆಚ್ಚಂದ್ರ 45 ದಿನ. ಎಷ್ಟು ದಿನ ಕೊಡೋದು ರಿಜಿಸ್ಟ್ರಾರ್‌ಗೆ ಬಿಟ್ಟದ್ದು. ಇದರೊಳಗ ಸಾಮಾನ್ಯ ದರಕ್ಕ ಉಳಿಸ್ಕೋಬಹುದು. ಆಮೇಲೆ 30 ದಿನ ರಿಡೆಂಪ್ಷನ್ (ದಂಡ ಕಟ್ಟಿ ಬಿಡಿಸ್ಕೊಳ್ಳೋ ಕಾಲ), ದಂಡ ನಾಲ್ಕೈದು ಪಟ್ಟು ಬೀಳಬಹುದು. ಕಡೀಕ 5 ದಿನ ‘ಪೆಂಡಿಂಗ್ ಡಿಲೀಟ್’, ಆಗ ಯಾರೂ ಏನೂ ಮಾಡಲಿಕ್ಕೆ ಬರೋದಿಲ್ಲ. ಅದು ಮುಗಿದ ಮರುಕ್ಷಣ ಹಿಡಿಯೋ ಯಂತ್ರಗಳು ಕಾಯ್ತಿರ್ತಾವ. ಡಾಟ್ ಇನ್ ಆದರ ದಿನಗಳ ಲೆಕ್ಕ ನಿಮ್ಮ ರಿಜಿಸ್ಟ್ರಾರ್ ಪುಟದಾಗ ನೋಡಿಕೊಳ್ರಿ.

ಡಾಟ್ ಕಾಮ್ ನೋಂದಾಯಿಸಿದ ಕೂಡಲೇ ಇಮೇಲ್ ದೃಢೀಕರಿಸೋ ಕೊಂಡಿ ಬರ್ತದ. 15 ದಿನದೊಳಗ ಒತ್ತದಿದ್ದರ ಹೆಸರು ಸ್ಥಗಿತ ಆಗ್ತದ. ಸೈಟ್ ಎರಡು ವಾರ ನಡದು ಒಮ್ಮಿಂದೊಮ್ಮೆ ಬಂದ್ ಆಯ್ತು ಅಂದ್ರ ಮೊದಲು ಇದನ್ನ ನೋಡ್ರಿ. ಅದರ ಜೋಡಿ ‘ನಿಮ್ಮ ಡೊಮೇನ್ ಸರ್ಚ್ ಎಂಜಿನ್‌ಗೆ ಸೇರಿಸಬೇಕು, ಹಣ ಕಟ್ಟಿ’, ‘ನಿಮ್ಮ ಹೆಸರನ್ನ ಚೀನಾದಾಗ ಯಾರೋ ನೋಂದಾಯಿಸ್ತಿದ್ದಾರ’ ಅಂತನೂ ಮೇಲ್ ಬರ್ತಾವ. ಅವೆಲ್ಲ ಬುರುಡೆ.

ಹಾಳೆಮನೆ:

ಮಾರಾಯ್ರೆ, ಇಷ್ಟೆಲ್ಲ ಉಂಟಾ! ಡಿಸೈನರ್ ಹತ್ತಿರ ಮಾತಾಡಿದೆ, ಡೊಮೇನ್ ನಮ್ಮ ಖಾತೆಯಲ್ಲಿ ಇರಲಿ ಅಂತ ಒಪ್ಪಿದರು. ಡಾಟ್ ಇನ್ ತಗೊಳ್ಳುವುದಾ, ಡಾಟ್ ಕಾಮಾ? ಹೆಸರು ಆರಿಸುವಾಗ ಎಂತ ನೋಡಬೇಕು? ಕನ್ನಡದ ಪ್ರಶ್ನೆಗೆ ಯಾರೂ ಹೇಳಲಿಲ್ಲ.

ನೀಲಿಶಾಯಿ:

ಕನ್ನಡದ್ದು ನಾನು ಹೇಳುತ್ತೇನೆ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ. ಅದನ್ನೂ ನಿಕ್ಸಿಯೇ ನೋಡಿಕೊಳ್ಳುತ್ತದೆ. ಆದರೆ ಡಿಎನ್‌ಎಸ್‌ನ ಒಳಗೆ ಕನ್ನಡ ಅಕ್ಷರ ಓಡುವುದಿಲ್ಲ. ಎಕ್ಸ್, ಎನ್, ಎರಡು ಅಡ್ಡಗೆರೆ ಎಂದು ಶುರುವಾಗುವ ಲ್ಯಾಟಿನ್ ಅಕ್ಷರಗಳ ಸಾಲಾಗಿ ಅದು ಬದಲಾಗುತ್ತದೆ. ಅದರ ಹೆಸರು ಪ್ಯುನಿಕೋಡ್. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕನ್ನಡ ಹೆಸರು ಸೇರಿಸುವಾಗ ‘ತಪ್ಪು ಹೆಸರು’ ಎಂದು ಬೈದರೆ ಈ ರೂಪವನ್ನು ಅಂಟಿಸಿ. ಚುಕ್ಕೆಗಳ ನಡುವಿನ ಒಂದು ತುಂಡಿಗೆ 63 ಅಕ್ಷರದ ಮಿತಿಯಿದೆ, ಅದು ಅನ್ವಯವಾಗುವುದೂ ಈ ರೂಪಕ್ಕೇ. ಹೀಗಾಗಿ ಉದ್ದನೆಯ ಕನ್ನಡ ಹೆಸರು ಬೇಗ ಮಿತಿ ಮುಟ್ಟುತ್ತದೆ. ಒತ್ತಕ್ಷರ ತಪ್ಪಿಸಲು ನಡುವೆ ಕಾಣದ ಅಕ್ಷರ ಬೇಕಾಗುವ ಪದಗಳು, ಉದಾಹರಣೆಗೆ ‘ವೆಬ್‌ಸೈಟ್’, ಡೊಮೇನ್‌ಗೆ ಬೇಡ. ಒಬ್ಬರು ಆ ಅಕ್ಷರ ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ.

ನನ್ನ ಸಲಹೆ: ಕನ್ನಡದ ಹೆಸರನ್ನು ನೋಂದಾಯಿಸಿ, ಆದರೆ ಅದನ್ನು ಇಂಗ್ಲಿಷ್ ಹೆಸರಿನ ಸೈಟಿಗೆ ತಿರುಗಿಸಿ ಬಿಡಿ. ಕನ್ನಡ ವಿಳಾಸದ ಇಮೇಲನ್ನು ಇವತ್ತಿಗೂ ಎಷ್ಟೋ ಫಾರಂಗಳು ಒಪ್ಪುವುದಿಲ್ಲ. ಫಲಕದ ಮೇಲೆ, ಪ್ಯಾಕೆಟ್ಟಿನ ಮೇಲೆ ಕನ್ನಡ ಹೆಸರು ಅಚ್ಚು ಹಾಕಿಸಲು ಚೆನ್ನ.

ಇಂಗ್ಲಿಷ್ ಹೆಸರಿಗೆ ಪರೀಕ್ಷೆ ಒಂದೇ. ಫೋನಿನಲ್ಲಿ ಒಂದು ಸಲ ಹೇಳಿ, ಆ ಕಡೆಯವರು ಸರಿಯಾಗಿ ಬರೆದುಕೊಂಡರೆ ಅದು ಒಳ್ಳೆಯ ಹೆಸರು. ‘ಹಾಳೆ’ಗೆ ಒಬ್ಬರು ಒಂದು ‘ಎ’ ಹಾಕುತ್ತಾರೆ, ಇನ್ನೊಬ್ಬರು ಎರಡು. ಅಂಥ ಪದ ಇದ್ದರೆ ಎರಡೂ ಕಾಗುಣಿತ ಕೊಳ್ಳಬೇಕಾಗುತ್ತದೆ. ನಡುವೆ ಅಡ್ಡಗೆರೆ ಬೇಡ, ಹೇಳುವುದು ಕಷ್ಟ. ಗಿರಾಕಿಗಳು ದೇಶದೊಳಗೇ ಇದ್ದರೆ ಡಾಟ್ ಇನ್ ಸಾಕು; ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ ಡಾಟ್ ಕಾಮ್ ಕೂಡ ಹಿಡಿದಿಡಿ. ಡಾಟ್ ಇನ್, ಡಾಟ್ ಕೊ ಡಾಟ್ ಇನ್ ಯಾರು ಬೇಕಾದರೂ ಪಡೆಯಬಹುದು. ಗವ್ ಡಾಟ್ ಇನ್ ಸರ್ಕಾರಕ್ಕೆ, ಎಸಿ ಡಾಟ್ ಇನ್ ಶಿಕ್ಷಣ ಸಂಸ್ಥೆಗಳಿಗೆ, ಬ್ಯಾಂಕ್ ಡಾಟ್ ಇನ್ ಬ್ಯಾಂಕುಗಳಿಗೆ ಮಾತ್ರ.

ಇನ್ನು ನುಡಿ ಫಾಂಟ್. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಕಾಣುವುದು ಆ ಫಾಂಟ್ ಇದ್ದಾಗ ಮಾತ್ರ. ಒಳಗಿರುವುದು ಲ್ಯಾಟಿನ್ ಅಕ್ಷರಗಳೇ. ಹಾಗೇ ವೆಬ್‌ಗೆ ಹಾಕಿದರೆ ಓದುಗರಿಗೆ ಕಸ ಕಾಣುತ್ತದೆ, ಗೂಗಲ್‌ಗೆ ಏನೂ ಕಾಣುವುದಿಲ್ಲ. ಮೊದಲು ಯುನಿಕೋಡ್‌ಗೆ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ, ನುಡಿಯಲ್ಲೇ ಅದಕ್ಕೆ ಸೌಲಭ್ಯವಿದೆ. ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಓದಬೇಕಾದ್ದು ಅರ್ಕಾವತ್ತು ಇರುವ ಪದಗಳನ್ನು: ವರ್ಷ, ಖರ್ಚು, ಸಂಪರ್ಕ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಆ ಸ್ಥಾನಪಲ್ಲಟದಲ್ಲೇ. ಇನ್ನೊಂದು ಕಳ್ಳ ತಪ್ಪಿದೆ: ಅನುಸ್ವಾರದ ಬದಲು ಕನ್ನಡದ ಸೊನ್ನೆ ಕುಟ್ಟುವುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಎರಡೂ ಬೇರೆ. ಸೊನ್ನೆ ಹಾಕಿ ಬರೆದ ‘ಇಂಚು’ ಯಾವ ಹುಡುಕಾಟದಲ್ಲೂ ಸಿಗುವುದಿಲ್ಲ.

ಪುಟದ ಎನ್‌ಕೋಡಿಂಗ್ ಯುಟಿಎಫ್-8 ಎಂದು ಘೋಷಿಸಿ. ವರ್ಡ್‌ಪ್ರೆಸ್ (ಪುಟಗಳನ್ನು ಬ್ರೌಸರಿನಲ್ಲೇ ತಿದ್ದಲು ಬಿಡುವ ತಂತ್ರಾಂಶ) ಬಳಸಿದರೆ ಡೇಟಾಬೇಸ್ ‘ಯುಟಿಎಫ್8 ಎಂಬಿ4’ ಆಗಿರಲಿ. 2015ರ ನಂತರದ ಆವೃತ್ತಿಗಳು ತಾವೇ ಹಾಗೆ ಮಾಡಿಕೊಳ್ಳುತ್ತವೆ. ಹಳೆಯ ಡೇಟಾಬೇಸ್ ಹೊತ್ತು ತಂದಾಗ ಮಾತ್ರ ತೊಂದರೆ. ಆಗ ಕನ್ನಡದ ಜಾಗದಲ್ಲಿ ಬಾಲ ಕೊಂಬಿರುವ ಲ್ಯಾಟಿನ್ ಅಕ್ಷರಗಳು ಕಂಡರೆ ಹೆದರಬೇಡಿ, ಸಾಮಾನ್ಯವಾಗಿ ಒಳಗಿನ ಮಾಹಿತಿ ಕೆಟ್ಟಿರುವುದಿಲ್ಲ, ಓದುವ ರೀತಿ ತಪ್ಪಿರುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿದುಕೊಂಡಿದ್ದರೆ ಮಾತ್ರ ಪಠ್ಯ ಹೋಯಿತು, ಬ್ಯಾಕಪ್‌ನಿಂದ ತರಬೇಕು.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡಬೇಡಿ. ವಿಳಾಸದಲ್ಲಿ ಪ್ರತಿ ಕನ್ನಡ ಸಂಕೇತವೂ ಶೇಕಡ ಚಿಹ್ನೆಗಳ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ವರ್ಡ್‌ಪ್ರೆಸ್ ಈ ಜಾಗಕ್ಕೆ ಕೊಡುವುದು 200 ಅಕ್ಷರ, ಅಂದರೆ 22 ಕನ್ನಡ ಸಂಕೇತ. ‘ತಟ್ಟೆ’ ಎಂಬ ಎರಡಕ್ಷರವೇ 5 ಸಂಕೇತ ತಿನ್ನುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅರ್ಧ ಪರದೆ ಶೇಕಡ ಚಿಹ್ನೆ. ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸ ಇಂಗ್ಲಿಷ್ ಅಕ್ಷರದಲ್ಲಿರಲಿ. ಡಿಸೈನರ್‌ಗೆ ಇನ್ನೊಂದು ಮಾತು ಹೇಳಿ: ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಬೇಡ. ಇಂಗ್ಲಿಷಿಗೆ ಹೊಂದಿಸಿದ ಸಾಲಿನಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸುತ್ತದೆ.

ಸೊನ್ನೆಒಂದು:

ಹೋಸ್ಟಿಂಗ್ ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕ ಹಾಕೋಣ. ಒಂದು ಪುಟ 1.5 ಎಂಬಿ, ಒಬ್ಬರು ಮೂರು ಪುಟ ನೋಡುತ್ತಾರೆ, ದಿನಕ್ಕೆ 50 ಜನ. ದಿನಕ್ಕೆ 225 ಎಂಬಿ, ತಿಂಗಳಿಗೆ 6.75 ಜಿಬಿ. ಯಾವ ಅಗ್ಗದ ಯೋಜನೆಯೂ ಇದನ್ನು ಹೊರುತ್ತದೆ. ‘ಅನ್‌ಲಿಮಿಟೆಡ್’ ಪದಕ್ಕೆ ಬೆಲೆ ಕೊಡಬೇಡಿ. ನಿಜವಾದ ಮಿತಿ ಇರುವುದು ಫೈಲುಗಳ ಸಂಖ್ಯೆ, ಸಿಪಿಯು, ಒಂದೇ ಹೊತ್ತಿಗೆ ನಡೆಯುವ ಪ್ರಕ್ರಿಯೆಗಳ ಮೇಲೆ. ಫೈಲುಗಳ ಮಿತಿಯನ್ನು ‘ಐನೋಡ್’ ಎಂಬ ಸಾಲಿನಲ್ಲಿ ಬರೆದಿರುತ್ತಾರೆ. ಅಂಥ ಸರ್ವರಿನಲ್ಲಿ ಒಂದೊಂದು ಇಮೇಲೂ ಒಂದೊಂದು ಫೈಲ್, ಹಾಗಾಗಿ ಅದನ್ನು ತುಂಬಿಸುವುದು ಸೈಟಲ್ಲ, ಅಳಿಸದ ಮೇಲ್‌ಗಳು.

ಆದರೆ ಆ 1.5 ಎಂಬಿ ತಾನಾಗಿ ಬರುವುದಿಲ್ಲ. ಫೋನಿನ ಫೋಟೊ 4 ಎಂಬಿ. ಹಾಗೇ 20 ಹಾಕಿದರೆ ಫೋಟೊ ಪುಟ ಒಂದೇ 80 ಎಂಬಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿದರೆ ಒಂದೊಂದು 150 ಕೆಬಿಯ ಆಸುಪಾಸು ಬರುತ್ತದೆ. ಪರದೆಗೆ ಬಂದಾಗ ಮಾತ್ರ ಇಳಿಯುವಂತೆ ‘ಲೇಜಿ’ ಹಾಕಿಸಿ. ಫೈಲಿನ ಹೆಸರಿನಲ್ಲಿ ಸಣ್ಣಕ್ಷರ ಮಾತ್ರ, ಖಾಲಿ ಜಾಗ ಬೇಡ. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಲ್ಯಾಪ್‌ಟಾಪಿನಲ್ಲಿ ಕಾಣುವ ಚಿತ್ರ ಸರ್ವರಿನಲ್ಲಿ 404 (ಫೈಲ್ ಸಿಗಲಿಲ್ಲ) ಕೊಡುವುದು ಇದರಿಂದಲೇ.

ಒಂದು ವಿಷಯದಲ್ಲಿ ಗದ್ದೆಬದು ಅವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಆರು ಪುಟ, ಲಾಗಿನ್ ಇಲ್ಲ, ಪಾವತಿ ಇಲ್ಲ. ಇದಕ್ಕೆ ಹೋಸ್ಟಿಂಗ್‌ಗೆ ಹಣ ಯಾಕೆ? ಸರಳ ಎಚ್‌ಟಿಎಂಎಲ್ ಮಾಡಿಸಿ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು. ಅಲ್ಲಿ ಮಿತಿ 20,000 ಫೈಲು, ಒಂದು ಫೈಲ್ 25 ಎಂಬಿ. ನಿಮಗೆ ಮುಟ್ಟುವುದೇ ಇಲ್ಲ. ಗಿಟ್‌ಹಬ್ ಪೇಜಸ್ ಮಾತ್ರ ಬೇಡ, ವ್ಯಾಪಾರ ನಡೆಸುವ ಸೈಟಿಗೆ ಅವರ ನಿಯಮ ಒಪ್ಪುವುದಿಲ್ಲ. ವರ್ಡ್‌ಪ್ರೆಸ್ ಹಾಕಿಸಿದರೆ ಪ್ಲಗಿನ್ (ಅದಕ್ಕೆ ಸೇರಿಸುವ ಹೆಚ್ಚುವರಿ ತುಣುಕು) ನವೀಕರಣ ಯಾರು ಮಾಡುತ್ತಾರೆ? ವರ್ಷ ಬಿಟ್ಟ ಪ್ಲಗಿನ್ ಮೂಲಕವೇ ಕಳ್ಳರು ಒಳಬರುವುದು.

ಗದ್ದೆಬದು:

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ದರಪಟ್ಟಿ ಬದಲಾಯಿಸುವವರು ಯಾರು? ಮನೆಯವರೇ ತಿಂಗಳಿಗೊಮ್ಮೆ ಬದಲಾಯಿಸುವುದಾದರೆ ಎಚ್‌ಟಿಎಂಎಲ್ ಫೈಲ್ ಮುಟ್ಟಲು ಹೆದರುತ್ತಾರೆ, ಆಗ ವರ್ಡ್‌ಪ್ರೆಸ್ ಅನುಕೂಲ. ವರ್ಷಕ್ಕೆರಡು ಸಲ ಡಿಸೈನರ್ ಮಾಡಿಕೊಡುವುದಾದರೆ ಸರಳ ಪುಟಗಳೇ ಸಾಕು. ಇನ್ನು ಉಚಿತ ಜಾಗದಲ್ಲಿ ಇಮೇಲ್ ಪೆಟ್ಟಿಗೆ ಸಿಗುವುದಿಲ್ಲ, ಇವರಿಗೆ ಅದೂ ಬೇಕು. ಸರಳ ಎಚ್‌ಟಿಎಂಎಲ್ ಅನ್ನೇ ಸಣ್ಣ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇಟ್ಟರೆ ಎರಡೂ ಆಯಿತು. ಡೇಟಾ ಸೆಂಟರ್ ಮುಂಬೈಯದೋ ಬೆಂಗಳೂರಿನದೋ ಆರಿಸಿ, ಅಮೆರಿಕದ್ದು ಆರಿಸಿದರೆ ನಮ್ಮ ಗಿರಾಕಿಗೆ ಪ್ರತಿ ಕ್ಲಿಕ್ಕೂ ಸಮುದ್ರ ದಾಟಿ ಬರಬೇಕು.

ಬ್ಯಾಕಪ್ ಅದೇ ಸರ್ವರಿನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆ ಜಿಪ್ ಇಳಿಸಿ ಮನೆಯ ಪೆನ್‌ಡ್ರೈವ್‌ಗೆ ಹಾಕಿ.

ರೂಟ್ ರಾಚಪ್ಪ:

ಇಮೇಲ್ ಮಾತು ಬಂತಲ್ಲ. ಪೆಟ್ಟಿಗೆ ಮಾಡಿದರ ಮುಗೀಲಿಲ್ಲ, ಕಳಿಸಿದ್ದು ಗಿರಾಕಿಯ ಇನ್‌ಬಾಕ್ಸ್ ಮುಟ್ಟಬೇಕು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸೋ ಎಲ್ಲರಿಗೂ ಎಸ್‌ಪಿಎಫ್ ಇಲ್ಲಾ ಡಿಕಿಮ್ (ಮೇಲ್ ಖರೇನ ನಿಮ್ಮ ಡೊಮೇನಿನಿಂದ ಬಂದದ ಅಂತ ತೋರಿಸೋ ಡಿಎನ್‌ಎಸ್ ದಾಖಲೆಗಳು) ಬೇಕೇ ಬೇಕು. ಎರಡೂ ಹಾಕಿ, ಮ್ಯಾಲೊಂದು ಡಿಮಾರ್ಕ್ (ಆ ಪರೀಕ್ಷೆ ಸೋತ ಮೇಲ್‌ಗೆ ಏನು ಮಾಡಬೇಕು ಅನ್ನೋ ದಾಖಲೆ) ಹಾಕ್ರಿ, ಶುರುವಿಗೆ ಅದರ ನೀತಿ ‘ನನ್’ (ಏನೂ ಮಾಡಬ್ಯಾಡ) ಇರಲಿ. ಎಸ್‌ಪಿಎಫ್ ಒಂದೇ ಸಾಲು ಇರಬೇಕು. ಹೋಸ್ಟಿಂಗ್‌ನವರದು ಒಂದು, ಮೇಲ್ ಕಂಪನಿದು ಇನ್ನೊಂದು ಅಂತ ಎರಡು ಟಿಎಕ್ಸ್‌ಟಿ ದಾಖಲೆ ಹಾಕಿದರ ಎರಡೂ ಕೆಲಸಕ್ಕ ಬರೂದಿಲ್ಲ. ಎರಡರ ‘ಇನ್‌ಕ್ಲೂಡ್’ಗಳನ್ನ ಒಂದೇ ಸಾಲಿನಾಗ ಸೇರಿಸ್ರಿ. ಆ ಸಾಲು ಮಾಡಿಸೋ ಒಟ್ಟು ಡಿಎನ್‌ಎಸ್ ಹುಡುಕಾಟ 10 ಮೀರಬಾರದು.

ವಿಚಾರಣೆ ಫಾರಂನಿಂದ ಮೇಲ್ ಬರ್ತಿಲ್ಲ ಅನ್ನೋ ದೂರಿಗೆ ಕಾರಣ ಹೆಚ್ಚಾಗಿ ಒಂದೇ: ಕಳಿಸಿದವರ ಜಾಗದಾಗ ಗಿರಾಕಿಯ ಜಿಮೇಲ್ ವಿಳಾಸ ಹಾಕಿರ್ತಾರ. ನಿಮ್ಮ ಸರ್ವರ್ ಜಿಮೇಲ್ ಹೆಸರಿನಾಗ ಕಳಿಸಿದಂಗ ಆಗ್ತದ, ಹಿಡಿದು ಸ್ಪ್ಯಾಮ್‌ಗೆ ಹಾಕ್ತಾರ. ಕಳಿಸಿದವರು ನಿಮ್ಮ ಡೊಮೇನ್ ವಿಳಾಸ, ‘ರಿಪ್ಲೈ-ಟು’ ಒಳಗ ಗಿರಾಕಿ ವಿಳಾಸ. ಅಷ್ಟೇ.

ಇನ್ನು ಜೋಡಣೆ. ಹೋಸ್ಟಿಂಗ್‌ನವರು ‘ನಮ್ಮ ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆ ಇಡೋ ಸರ್ವರ್) ಹಾಕಿ’ ಅಂತಾರ. ನೇಮ್‌ಸರ್ವರ್ ಬದಲಾಯಿಸಿದರ ಹಳೇ ಡಿಎನ್‌ಎಸ್ ದಾಖಲೆ ಅಷ್ಟೂ ಬಿಟ್ಟು ಹೊಸ ಖಾಲಿ ಪುಸ್ತಕಕ್ಕ ಹೋದಂಗ. ಎಂಎಕ್ಸ್ (ಮೇಲ್ ಎಲ್ಲಿಗೆ ಬರಬೇಕು ಅನ್ನೋ ದಾಖಲೆ), ಎಸ್‌ಪಿಎಫ್, ಡಿಕಿಮ್ ಅಲ್ಲಿ ಮೊದಲೇ ನಕಲು ಮಾಡಿರದಿದ್ದರ ಸೈಟ್ ಬರ್ತದ, ಮೇಲ್ ನಿಲ್ಲತದ. ನಿಮ್ಮಂಥೋರಿಗೆ ನೇಮ್‌ಸರ್ವರ್ ರಿಜಿಸ್ಟ್ರಾರ್‌ದೇ ಇರಲಿ, ಅಲ್ಲಿ ದಾಖಲೆ ಮಾತ್ರ ಬದಲಾಯಿಸ್ರಿ: ಮುಂದ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ ಬೋಳು ಹೆಸರಿಗೆ ಹೋಸ್ಟಿಂಗ್‌ನ ಐಪಿ (ಸರ್ವರಿನ ಅಂಕಿ ವಿಳಾಸ) ಕೊಡೋ ಎ ರೆಕಾರ್ಡ್, ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಬೋಳು ಹೆಸರು ತೋರಿಸೋ ಸಿನೇಮ್. ಬೋಳು ಹೆಸರಿಗೆ ಸಿನೇಮ್ ಹಾಕಲಿಕ್ಕೆ ಹೋಗಬ್ಯಾಡ್ರಿ, ಎಂಎಕ್ಸ್ ಜೋಡಿ ಅದು ಕೂಡಿ ಇರೂದಿಲ್ಲ.

‘48 ತಾಸು ಕಾಯಿರಿ’ ಅನ್ನೋದು ಪೂರಾ ಸುಳ್ಳಲ್ಲ. ಡಾಟ್ ಕಾಮ್ ಮೇಲಿನ ಮಟ್ಟದಾಗ ನೇಮ್‌ಸರ್ವರ್ ಮಾಹಿತಿಯ ಆಯುಷ್ಯ 1,72,800 ಸೆಕೆಂಡ್, ಅದು ಸರಿಯಾಗಿ 48 ತಾಸು. ಆದರ ಬರೇ ಎ ರೆಕಾರ್ಡ್ ಬದಲಾಯಿಸಿದರ ಅಷ್ಟು ಬೇಕಾಗಿಲ್ಲ. ಅದರ ಟಿಟಿಎಲ್ (ದಾಖಲೆಯ ಆಯುಷ್ಯ, ಸೆಕೆಂಡಿನಾಗ) 3600 ಇದ್ದರ ತಾಸಿನೊಳಗ ಆಗ್ತದ. ಹಿಂದಿನ ದಿನವೇ 300ಕ್ಕ ಇಳಿಸಿದ್ದರ ಐದು ನಿಮಿಷ. ಹೊಸ ಹೆಸರಾದರ ದಾಖಲೆ ಹಾಕೋಕಿಂತ ಮೊದಲೇ ಬ್ರೌಸರ್‌ನಾಗ ನೋಡಬ್ಯಾಡ್ರಿ. ‘ಇಂಥ ಹೆಸರಿಲ್ಲ’ ಅನ್ನೋ ಉತ್ತರಾನೂ ಸ್ವಲ್ಪ ಹೊತ್ತು ಕ್ಯಾಶ್‌ನಾಗ ಕೂಡತದ.

ಹಾಳೆಮನೆ:

ಸೊನ್ನೆಒಂದು ಹೇಳಿದ ಸರಳ ಪುಟ, ಗದ್ದೆಬದು ಹೇಳಿದ ಶೇರ್ಡ್ ಹೋಸ್ಟಿಂಗ್ ಮಾಡಿಸಿ ಆಯ್ತು. ಎ ರೆಕಾರ್ಡ್ ಹಾಕಿ ಎರಡು ದಿನ ಕಳೆಯಿತು. ಒಂದು ವಿಚಿತ್ರ: ಮನೆಯ ವೈಫೈಯಲ್ಲಿ ಸೈಟ್ ಸರಿಯಾಗಿ ಬರುತ್ತದೆ. ಫೋನಿನ ಜಿಯೊ ಡೇಟಾದಲ್ಲಿ ನೋಡಿದರೆ ರಿಜಿಸ್ಟ್ರಾರಿನ ‘ಈ ಡೊಮೇನ್ ಕಾದಿರಿಸಲಾಗಿದೆ’ ಪುಟ. ಕ್ಯಾಶ್ ಅಳಿಸಿದೆ, ಫೋನ್ ಬದಲಾಯಿಸಿ ನೋಡಿದೆ, ಹಾಗೇ ಉಂಟು. ಎಸ್‌ಎಸ್‌ಎಲ್ ಕೂಡ ಆಗುತ್ತಿಲ್ಲ.

ರೂಟ್ ರಾಚಪ್ಪ:

ಡಿಎನ್‌ಎಸ್ ಪಟ್ಟಿಯೊಳಗ ನಾಕು ‘ಎ’ ಇರೋ ದಾಖಲೆ ಒಂದು ಉಳಿದದ ನೋಡ್ರಿ. ಎ ಅಂದ್ರ ಐಪಿವಿ4 (ಹಳೇ ಪದ್ಧತಿ) ವಿಳಾಸ, ನಾಕು ಎ ಅಂದ್ರ ಐಪಿವಿ6 (ಹೊಸ ಪದ್ಧತಿ) ವಿಳಾಸ. ಹೆಸರು ಕೊಂಡಾಗ ರಿಜಿಸ್ಟ್ರಾರ್ ತನ್ನ ಪಾರ್ಕಿಂಗ್ ಪುಟಕ್ಕ ಎರಡೂ ಹಾಕಿರ್ತಾನ, ನೀವು ಒಂದನ್ನ ಬದಲಾಯಿಸಿ ಇನ್ನೊಂದು ಬಿಟ್ಟೀರಿ. ಜಿಯೊ ಐಪಿವಿ6 ಮ್ಯಾಲೆ ನಡೀತದ, ಅದಕ್ಕ ಹಳೇ ಜಾಗಕ್ಕ ಹೋಗ್ತದ. ನಿಮ್ಮ ವೈಫೈ ಬರೇ ಐಪಿವಿ4 ಇರಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಪರಿಶೀಲನೆಗೆ ಬಂದಾಗ ಅದೂ ಮೊದಲು ಐಪಿವಿ6 ಬಾಗಿಲೇ ಬಡಿತದ, ಅಲ್ಲಿ ಪಾರ್ಕಿಂಗ್ ಪುಟ ಸಿಕ್ಕು ಪ್ರಮಾಣಪತ್ರ ಕೊಡೂದಿಲ್ಲ.

ಹೋಸ್ಟಿಂಗ್‌ನವರು ಐಪಿವಿ6 ವಿಳಾಸ ಕೊಟ್ಟಿದ್ದರ ಅದನ್ನ ಹಾಕ್ರಿ, ಇಲ್ಲಂದ್ರ ಆ ಸಾಲು ಅಳಿಸ್ರಿ. ಟಿಟಿಎಲ್ ಮುಗಿಯೋ ತನಕ ಕಾದು, ಪ್ಯಾನೆಲ್‌ನಾಗ ಎಸ್‌ಎಸ್‌ಎಲ್ ಮತ್ತೊಮ್ಮೆ ಓಡಿಸ್ರಿ. ಬೋಳು ಹೆಸರು, ಡಬ್ಲ್ಯುಡಬ್ಲ್ಯುಡಬ್ಲ್ಯು ಎರಡಕ್ಕೂ ಟಿಕ್ ಇರಲಿ.

ಹಾಳೆಮನೆ:

ಇತ್ತು! ಅಳಿಸಿದೆ. ಒಂದು ಗಂಟೆಯಲ್ಲಿ ಜಿಯೊದಲ್ಲೂ ಬಂತು, ಬೀಗದ ಚಿತ್ರವೂ ಬಂತು. ಇನ್ನು ಫೋಟೊ ಸಣ್ಣ ಮಾಡುವುದು ಬಾಕಿ ಉಂಟು, ಮುಖಪುಟ ಈಗ 11 ಎಂಬಿ ತೋರಿಸುತ್ತಿದೆ.